ಸುಂಕದವನ ಸಾಕ್ಷಿ

ಸುಂಕದವನ ಮುಂದೆ ಸುಖದುಃಖ ಹೇಳಬೇಡ ಅಂತಾರಲ್ಲ,
ಆ ಸುಂಕದವನು ನಾನೇ, ಮೊನ್ನೆಮೊನ್ನೆಯವರೆಗೆ.
ಹನ್ನೊಂದು ವರ್ಷ, ಶನಿವಾರಸಂತೆಯ ಶನಿವಾರಗಳಲ್ಲಿ
ಕಂಕುಳಲ್ಲಿ ರಸೀದಿ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ನು.
ಗೋಣಿ ಹಾಸಿದವರಿಗೆ ಇಪ್ಪತ್ತು,
ಟಾರ್ಪಾಲ್ ಕಟ್ಟಿದವರಿಗೆ ನಲವತ್ತು,
ಕೋಳಿಗೆ ತಲೆಗೆ ಎರಡು.
ಸೋಮವಾರಪೇಟೆ ಕೋರ್ಟಿನ ಕಟಕಟೆಯಲ್ಲಿ ನಿಂತು
ನನ್ನದೇ ಸುಖದುಃಖ ಹೇಳಬೇಕಾಗಿ ಬಂತು.
ಕೇಳಿದವರು ಟೈಪ್ ಮಾಡಿಕೊಂಡರು.

ಬಿದ್ದವಳು ಪಳನಿಯಮ್ಮ.
ತೋಟದ ಲೈನ್ ಮನೆಯವಳು, ವಾರದ ಬಟವಾಡೆ ಸೆರಗಿನ ಗಂಟಲ್ಲಿ.
ಈರುಳ್ಳಿ ಗುಡ್ಡೆಗೂ ಒಣಮೀನಿನ ಸಾಲಿಗೂ ನಡುವೆ
ಚರಂಡಿಯ ಮೂರನೇ ಚಪ್ಪಡಿ ಒಡೆದು ಬಾಯಿ ಬಿಟ್ಟಿತ್ತು.
ಎಡಗಾಲು ಮೊಣಕಾಲಿನವರೆಗೆ ಒಳಗೆ.
ಮೇಲೆ ಉಳಿದದ್ದು ಅವಳ ಕೂಗು, ಚೆಲ್ಲಿದ ಬೆಳ್ಳುಳ್ಳಿ.
ಮೂಳೆ ಎರಡು ಕಡೆ ಮುರಿದಿತ್ತು. ಹಾಸನಕ್ಕೆ ಒಯ್ದರು.
ಕಾಫಿ ಕೊಯ್ಲಿನ ಕಾಲವೆಲ್ಲ ಅವಳಿಗೆ ಚಾಪೆಯ ಮೇಲೆ.

ಚರಂಡಿ ಯಾರದು?
ಪಂಚಾಯಿತಿ ಅಂತು: ಸಂತೆ ಹರಾಜಾಗಿದೆ, ಗುತ್ತಿಗೆದಾರರನ್ನು ಕೇಳಿ.
ಗುತ್ತಿಗೆದಾರ ಶಾಂತಮಲ್ಲಪ್ಪನವರು ಅಂದರು:
ನಾನು ಹಿಡಿದದ್ದು ಸುಂಕ, ಚರಂಡಿಯಲ್ಲ.
ಲೋಕೋಪಯೋಗಿಯವರು ನಕ್ಷೆ ಬಿಚ್ಚಿ
ತಮ್ಮ ರಸ್ತೆ ಚಪ್ಪಡಿಗಿಂತ ಒಂದೂವರೆ ಅಡಿ ಮೊದಲೇ
ಮುಗಿಯುತ್ತದೆಂದು ತೋರಿಸಿದರು.
ಈರುಳ್ಳಿ ಅಜ್ಮತ್ ಮಾತ್ರ, ಯಾರೂ ಕೇಳದೆ,
'ನನ್ನ ಹಗ್ಗ ಕಾಲಿಗೆ ತಾಗಿತೋ ಏನೋ' ಅಂದುಕೊಂಡು
ಆಸ್ಪತ್ರೆಗೆ ಹೋಗಿ ಎರಡು ಸಾವಿರ ಕೊಟ್ಟು ಬಂದ.
ಅದನ್ನೇ ಹಿಡಿದು ಮೂವರು ವಕೀಲರೂ
ಬೆರಳು ಅವನ ಕಡೆಗೇ ತಿರುಗಿಸಿದರು.

ರಸೀದಿಯ ಹಿಂದೆ ಇರುವೆ ಸಾಲಿನಷ್ಟು ಸಣ್ಣಗೆ ಅಚ್ಚಾಗಿದೆ:
ಸಂತೆಯಲ್ಲಾಗುವ ಯಾವುದೇ ನಷ್ಟಕ್ಕೆ, ಅಪಘಾತಕ್ಕೆ
ನಾವು ಜವಾಬ್ದಾರರಲ್ಲ.
ಹರಿದು ಹರಿದು ಕೊಟ್ಟವನು ನಾನು,
ಒಮ್ಮೆಯೂ ಮಗುಚಿ ಓದಿರಲಿಲ್ಲ.
ನ್ಯಾಯಾಧೀಶರು ಕನ್ನಡಕ ಏರಿಸಿ ಕೇಳಿದರು:
ಈ ಚೀಟಿ ಆಕೆಗೆ ಕೊಟ್ಟಿದ್ದಿರೇನು?
ಇಲ್ಲ ಸ್ವಾಮಿ, ಇದು ಮಾರುವವರಿಗೆ.
ಕೊಳ್ಳುವವರಿಗೆ ನಾವು ಏನೂ ಕೊಡೋದಿಲ್ಲ.
'ಏನೂ' ಅನ್ನುವಾಗ ದನಿ ಯಾಕೋ ತಗ್ಗಿತು.

ಇನ್ನು ಕೊಂಬೆಯ ವಿಷಯ.
ಶಾಂತಮಲ್ಲಪ್ಪನವರ ವಕೀಲರು ಕಾಫಿ ಕುಡಿಸಿ ಹೇಳಿದ್ದರು:
ಅದೊಂದು ಎತ್ತಬೇಡ ಮಾರಾಯ.
ಒಡೆದದ್ದು ಗೊತ್ತಿರಲಿಲ್ಲ ಅಂದರೆ ಗ್ರಹಚಾರ,
ಗೊತ್ತಿತ್ತು ಅಂದರೆ ಪರಿಹಾರ.
ಎರಡರ ನಡುವೆ ಇರೋದು ನಿನ್ನ ನಾಲಗೆ.

ಗೊತ್ತಿತ್ತು.
ಐದು ಶನಿವಾರದಿಂದ ಗೊತ್ತಿತ್ತು.
ಬಸ್ಸಿಳಿದವನೇ ಶಾಲೆಯ ಹಿಂದಿನ ಹಲಸಿನ ಮರದಿಂದ
ಸೊಪ್ಪಿನ ಕೊಂಬೆಯೊಂದು ಮುರಿದು
ಆ ತೂತಿಗೆ ನೆಟ್ಟು, ಆಮೇಲೆ ಪುಸ್ತಕ ಬಿಚ್ಚುತ್ತಿದ್ದೆ.
ಆ ದಿನವೂ ನೆಟ್ಟಿದ್ದೆ.
ಆದರೆ ಆ ದಿನ ಆಡುಗಳ ಸಾಲು ಚರಂಡಿಯ ಪಕ್ಕಕ್ಕೆ ಬಂದಿತ್ತು.
ಆಡು ಮುಟ್ಟದ ಸೊಪ್ಪಿಲ್ಲ.

ಕೋರ್ಟು ನಕ್ಕಿತು, ಬೆಂಚ್ ಕ್ಲರ್ಕು ಕೂಡ.
ಆಡಿನ ಮಾಲೀಕನನ್ನೂ ಸೇರಿಸೋಣವೇ ಅಂದರು ಯಾರೋ.
ಪಳನಿಯಮ್ಮ ನಗಲಿಲ್ಲ,
ಭಾಷೆ ಪೂರ್ತಿ ತಿಳಿಯದೋ, ಪೂರ್ತಿ ತಿಳಿದೋ.
ನಾನೂ ನಗಲಿಲ್ಲ.
ಆಡುಗಳನ್ನು ಅಲ್ಲಿಗೆ ಸರಿಸಿ, ತಲೆಗೆ ಹತ್ತರಂತೆ
ಚೀಟಿ ಹರಿದವನು ನಾನೇ.
ಅದನ್ನೂ ಹೇಳಿದೆ.

ತೀರ್ಪು ಇನ್ನೂ ಬಂದಿಲ್ಲ, ತಾರೀಖು ಬರುತ್ತಲೇ ಇದೆ.
ಹೊಸ ಚಪ್ಪಡಿ ಮಾತ್ರ ಬಂದಿದೆ.
ಯಾರು ಹಾಕಿಸಿದರೆಂದು ಯಾರೂ ಒಪ್ಪುವುದಿಲ್ಲ;
ಒಪ್ಪಿದರೆ ಚರಂಡಿ ಅವರದಾಗಿಬಿಡುತ್ತದಲ್ಲ.
ಹಸಿ ಸಿಮೆಂಟಿನ ಮೇಲೆ ನಾಯಿಯೊಂದು ನಡೆದಿದೆ,
ಸಹಿ ಹಾಕಿದ್ದು ಅದೊಂದೇ.

ರಸೀದಿ ಪುಸ್ತಕ ಈಗ ಬೇರೆಯವನ ಕಂಕುಳಲ್ಲಿ.
ಹೋದ ವಾರ ಚೀಲ ಹಿಡಿದು
ಕೊಳ್ಳುವವನಾಗಿ ಸಂತೆಗೆ ಹೋದೆ.
ನನಗೆ ಯಾರೂ ಏನೂ ಕೊಡಲಿಲ್ಲ.
ನೆಲ ನೋಡಿಕೊಂಡೇ ನಡೆದೆ.